ಬೂಟಕ್ಕ ನೆಲ ನೋಡದ ದಿನ

ಒಲೆ ಹಚ್ಚಬೇಕು. ನೀರು ಕಾಯುವುದರೊಳಗೆ ಅತ್ತೆಯನ್ನು ಎಡಮಗ್ಗುಲಿಂದ ಬಲಮಗ್ಗುಲಿಗೆ ಹೊರಳಿಸಬೇಕು. ಹೊರಳಿಸುವಾಗ ಅವರು ಬೈಯುವುದನ್ನು ಕೇಳಿಸಿಕೊಳ್ಳಬೇಕು, ಅದೂ ಒಂದು ಕೆಲಸವೇ. ಒದ್ದೆ ಬಟ್ಟೆ ಬಕೆಟ್ಟಿಗೆ, ಒಣ ಬಟ್ಟೆ ಮೈ ಕೆಳಗೆ, ಬೆನ್ನಿಗೆ ಪೌಡರು. ಗಂಜಿ ಕುದಿಯುವಷ್ಟರಲ್ಲಿ ಕೊಳಾಯಿಯಲ್ಲಿ ನೀರು ಬಂದರೆ ಡ್ರಮ್ಮು ತುಂಬಿಸಬೇಕು. ರಾತ್ರಿಪಾಳಿ ಮುಗಿಸಿ ಬರುವ ಗಂಡನಿಗೆ ತಟ್ಟೆ ಮುಚ್ಚಿಡಬೇಕು. ಒಳಕೋಣೆಯ ಕಿಟಕಿಗೆ ಬೆಳಕು ನುಸುಳದ ಹಾಗೆ ಕಂಬಳಿ ಕಟ್ಟಬೇಕು, ಯಾಕೆಂದರೆ ಅವನ ರಾತ್ರಿ ಶುರುವಾಗುವುದು ಊರಿಗೆಲ್ಲ ಬೆಳಗಾದ ಮೇಲೆ. ಇಷ್ಟಾದ ಮೇಲೆ ತಲೆ ಬಾಚಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನೀಲಿ ಕೋಟು ತೊಟ್ಟು, ನಾದಿನಿಯ ಭುಜ ಅಲ್ಲಾಡಿಸಿ "ಏಳು, ಇನ್ಮೇಲೆ ನಿನ್ನ ಪಾಳಿ" ಎಂದು ಹೇಳಿ, ಕತ್ತಲಲ್ಲೇ ಬಸ್ ಡಿಪೋ ಸೇರಬೇಕು.

ಡಿಪೋದಲ್ಲಿ ಅವಳ ಕೆಲಸ ಮೊದಲ ಟ್ರಿಪ್ಪಿಗೆ ಹೊರಡುವ ಬಸ್ಸುಗಳ ಒಳಗನ್ನು ಗುಡಿಸಿ ಒರೆಸುವುದು. ಹಿಂದಿನ ಬಾಗಿಲಿಂದ ಹತ್ತಿ, ಬಗ್ಗಿಕೊಂಡೇ ಮುಂದಿನ ಬಾಗಿಲಿಗೆ ಬರಬೇಕು. ಸೀಟಿನಡಿ ಏನೇನೋ ಸಿಗುತ್ತದೆ: ಹಣ್ಣಿನ ಸಿಪ್ಪೆ, ಒಂಟಿ ಕಾಲುಚೀಲ, ಯಾರೋ ಜಗಳವಾಡಿ ಕಿತ್ತೆಸೆದ ಗುಂಡಿ. ಉಳಿದ ಹೆಂಗಸರು ಇದನ್ನೆಲ್ಲ ಕಸ ಎನ್ನುತ್ತಾರೆ. ಇವಳು ಮಾತ್ರ ಕೆಲಸಕ್ಕೆ ಸೇರಿದ ಹೊಸದರಲ್ಲೇ ಇನ್ನೊಂದನ್ನು ಗಮನಿಸಿದ್ದಳು. ಬಸ್ಸುಗಳೆಲ್ಲ ಒಂದೇ ಬಣ್ಣದವಾದರೂ ಒಂದೊಂದರ ನೆಲ ಒಂದೊಂದು ಥರ. ಕೆರೆ ಕಡೆಯ ಬಸ್ಸಿನಲ್ಲಿ ಒಣಗಿದ ಜೇಡಿ, ಚಕ್ಕೆ ಚಕ್ಕೆಯಾಗಿ ಏಳುವಂಥದು. ಮರದ ಮಿಲ್ಲಿನ ಕಡೆಯದರಲ್ಲಿ ಹೊಟ್ಟು. ಹಳೆ ಸೇತುವೆಗೆ ಹೋಗಿ ಬರುವ ಬಸ್ಸಿನಲ್ಲಿ ಕುಂಕುಮದಷ್ಟು ಕೆಂಪಾದ ಮಣ್ಣು. ಜೊತೆಗೆ ಸೀಟಿನ ಬಟ್ಟೆಗೆ ಕಚ್ಚಿಕೊಂಡಿರುವ ಹುಲ್ಲಿನ ಮುಳ್ಳುಬೀಜ. ಪೊರಕೆಗೆ ಬಾರದ ಆ ಬೀಜಗಳನ್ನು ಉಗುರಲ್ಲಿ ಒಂದೊಂದೇ ಕೀಳುತ್ತಾ ಅವಳಿಗೆ ಒಂದು ದಿನ ಸಿಟ್ಟು ಬಂತು. ಯಾವ ಪುಣ್ಯಾತ್ಮರು ಇವರು, ಕೆಲಸ ಬಿಟ್ಟು ಹುಲ್ಲಲ್ಲಿ ನಡೆಯುವವರು? ಆ ಹುಲ್ಲಾದರೂ ಎಲ್ಲಿದೆ?

ನೋಡಿಯೇ ಬಿಡೋಣ ಎಂದು ರಜೆಯ ದಿನ ಆ ಬಸ್ಸು ಹತ್ತಿದಳು. ನಡೆಯಲು ಗಟ್ಟಿಯಾದದ್ದು ಬೇರೇನೂ ಇರಲಿಲ್ಲವೆಂದು ಕಾಲಿಗೆ ಗಂಡನ ಹಳೆಯ ವಾಚ್‌ಮನ್ ಬೂಟು ಹಾಕಿದಳು, ಮುಂದೆ ಚಿಂದಿ ತುರುಕಿಕೊಂಡು. ಎಡಗಾಲಿನ ಹಿಮ್ಮಡಿ ಸವೆದಿದ್ದಕ್ಕೆ ಚಮ್ಮಾರ ಟೈರಿನ ತುಂಡು ಹೊಡೆದುಕೊಟ್ಟಿದ್ದ. ಆ ಬೂಟಿನಲ್ಲಿ ಗುಡ್ಡ ಹತ್ತಿ ಇಳಿದು ಸಂಜೆ ಡಿಪೋಗೆ ಬಂದಿಳಿದವಳನ್ನು ನೋಡಿ ಒಬ್ಬ ಡ್ರೈವರ್ "ಏನು ಬೂಟಕ್ಕಾ, ಯಾವ ಯುದ್ಧ ಗೆದ್ದು ಬಂದೆ?" ಎಂದ. ಅಂದಿನಿಂದ ಅವಳು ಬೂಟಕ್ಕ. ಹೆಸರಿಡುವಾಗ ನಕ್ಕವರೇ ಆಮೇಲೆ ಕೇಳತೊಡಗಿದರು: "ಬೂಟಕ್ಕಾ, ನಾಳೆ ಬಿಡುವಿದೆ, ನಡೆಯೋಕೆ ಯಾವ ಕಡೆ ಚೆನ್ನಾಗಿರುತ್ತೆ?" ಅವಳು ಹೇಳಿಕೊಡುವ ದಾರಿಗಳಲ್ಲಿ ಮೈಲಿಗಲ್ಲು, ಬೋರ್ಡು ಇರುತ್ತಿರಲಿಲ್ಲ. ಅವೆಲ್ಲ ಮಣ್ಣಿನ ಲೆಕ್ಕ. "ಜೇಡಿ ಮುಗಿದು ಮರಳು ಬಂದಾಗ ಬಲಕ್ಕೆ ಹೋಗಿ" ಎನ್ನುತ್ತಿದ್ದಳು. ಹಾಗೆ ಹೋದವರೆಲ್ಲ ಸರಿಯಾಗಿ ಹೋಗಿ, ಬಸ್ಸು ಹಿಡಿದು ಬಂದಿದ್ದರು.

ಗಂಡನಿಗೆ ಇದು ಹುಚ್ಚಾಟ. ಬಯ್ಯದೆ ಸುಮ್ಮನಿದ್ದ, ಒಂದು ಸಲ ಅವಳು ಕಾಲು ಉಳುಕಿಸಿಕೊಂಡು ತಡವಾಗಿ ಬರುವವರೆಗೆ. ಅಂದು ಡ್ಯೂಟಿಗೆ ಹೊರಡುವ ಹೊತ್ತಿಗೆ ಅವನ ಮುಂದೆ ತಟ್ಟೆ ಇರಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಆ ಬೂಟನ್ನ ಒಲೆಗೆ ಹಾಕ್ತೀನಿ" ಎಂದಿದ್ದ. ಕೂಗಾಡುವ ಮನುಷ್ಯನಲ್ಲ ಅವನು. ಹೇಳಿದ್ದನ್ನು ಸದ್ದಿಲ್ಲದೆ ಮಾಡಿಬಿಡುವವನು.

ಇನ್ನು ನಾದಿನಿ. ಗಂಡನ ಮನೆ ಸಾಕಾಗಿ ತಾಯಿಯ ಮನೆಗೆ ಬಂದವಳು. ಬಂದ ವರ್ಷವೇ ತಾಯಿ ಹಾಸಿಗೆ ಹಿಡಿದರು. ಆ ಹಾಸಿಗೆ ಇವಳನ್ನೂ ಹಿಡಿಯಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾದಿನಿ, ಮಧ್ಯಾಹ್ನದಿಂದ ಬೂಟಕ್ಕ, ರಾತ್ರಿ ಯಾರಿಗೆ ಮೊದಲು ಎಚ್ಚರವಾಗುತ್ತದೋ ಅವರು. ಆ ಮನೆಯಲ್ಲಿ ಎರಡು ಪಾಳಿಯ ಕೆಲಸ ನಡೆಯುತ್ತಿತ್ತು, ಹಾಜರಿ ತೆಗೆದುಕೊಳ್ಳುವವರು ಮಾತ್ರ ಇರಲಿಲ್ಲ. ನಾದಿನಿ ಓಣಿಯ ಕೊನೆಯ ಅಂಗಡಿ ದಾಟಿ ಹೋಗಿದ್ದು ಯಾವಾಗ ಎಂದು ಅವಳಿಗೇ ನೆನಪಿರಲಿಲ್ಲ. ಅಣ್ಣ "ಎಲ್ಲಿಗೆ?" ಎಂದು ಕೇಳುತ್ತಿದ್ದ, ಅಷ್ಟೇ. ಆ ಒಂದು ಮಾತಿಗೆ ಉತ್ತರ ಹುಡುಕುವುದಕ್ಕಿಂತ ಒಳಗಿರುವುದೇ ಸುಲಭ ಅನ್ನಿಸಿಬಿಟ್ಟಿತ್ತು ಅವಳಿಗೆ.

"ಒಂದು ಸಲ ಹೋಗಿ ಬಾರೇ" ಎಂದು ಬೂಟಕ್ಕ ತಿಂಗಳುಗಟ್ಟಲೆ ಕಿವಿ ಕಚ್ಚಿದ್ದಳು.

"ನನಗೆ ಎಲ್ಲಿಗೆ ಹೋಗೋಕಿದೆ ಅತ್ತಿಗೆ?"

"ಎಲ್ಲಿಗೂ ಅಲ್ಲ. ಈ ಸ್ಟಾಪಲ್ಲಿ ಇಳಿ, ಆ ಸ್ಟಾಪಲ್ಲಿ ಹತ್ತು. ನಡುವೆ ನಡಿ."

"ಹಂಗಾದ್ರೆ ಬಸ್ಸಲ್ಲೇ ಕೂತಿದ್ರೆ ಆಗಲ್ವಾ?" ಎಂದು ನಾದಿನಿ ನಕ್ಕಿದ್ದಳು. ಆದರೆ ಮರುದಿನ ಡ್ರಮ್ಮಿನ ಹಿಂದೆ ಅಡಗಿಸಿಟ್ಟ ಬೂಟನ್ನು ಹಾಕಿಕೊಂಡು ಅಡಿಗೆಮನೆಯಲ್ಲಿ ಮೆಲ್ಲಗೆ ಅಡ್ಡಾಡುತ್ತಿದ್ದುದನ್ನು ಬೂಟಕ್ಕ ಕಂಡಳು. ಕಂಡೂ ಕಾಣದ ಹಾಗೆ ಹಿಂದೆ ಸರಿದಳು.

ಹೀಗೆ ಒಂದು ದಿನ ನಿಗದಿಯಾಯಿತು. ಬೂಟಕ್ಕನಿಗೆ ಅರ್ಧ ದಿನದ ಪಾಳಿ. ಅವಳು ಮನೆಗೆ ಬಂದ ಕೂಡಲೇ ನಾದಿನಿ ಹೊರಡುವುದು, ಅಣ್ಣ ಏಳುವುದರೊಳಗೆ ವಾಪಸು. ತಾಯಿಗೆ ಹೇಳಬೇಕಾದ ಸುಳ್ಳು: ಹಲ್ಲುನೋವು, ಡಾಕ್ಟರ ಹತ್ತಿರ ಹೋಗುತ್ತೇನೆ. ದಾರಿ ಹಳೆ ಸೇತುವೆಯದೇ, ಎಲ್ಲಕ್ಕಿಂತ ಸುಲಭದ್ದು. ಬಸ್ಸು ಸುಣ್ಣದ ಗೂಡಿನ ಹತ್ತಿರ ನಿಂತು, ಅಲ್ಲಿಂದ ಗುಡ್ಡವನ್ನು ಬಳಸಿ ಸೇತುವೆಗೆ ಹೋಗುತ್ತದೆ. ನಡೆಯುವವರು ಗೂಡಿನ ಹತ್ತಿರ ಇಳಿದು, ಗುಡ್ಡವನ್ನು ಅಡ್ಡ ದಾಟಿ, ಸೇತುವೆಯಲ್ಲಿ ಅದೇ ಬಸ್ಸು ಹಿಡಿದು ಬರಬಹುದು.

"ಗೂಡಿನ ಹಿಂದೆ ಕೆಂಪು ಮಣ್ಣಿನ ದಾರಿ. ಎಡಗಡೆ ಒಂದೆರಡು ಕವಲು ಬರುತ್ತೆ, ಅತ್ತ ನೋಡಲೇಬೇಡ. ಕಾಲ ಕೆಳಗೆ ಮಣ್ಣು ಬೂದಿ ಬಣ್ಣಕ್ಕೆ ತಿರುಗಿದ ಕಡೆ ಮಾತ್ರ ಎಡಕ್ಕೆ ಹತ್ತು" ಎಂದಳು ಬೂಟಕ್ಕ.

"ಕೆಂಪಲ್ಲಿ ನೇರ, ಬೂದೀಲಿ ಎಡಕ್ಕೆ" ಎಂದು ನಾದಿನಿ ಪಾಠ ಒಪ್ಪಿಸಿದಳು. ಬೂಟಕ್ಕ ತನ್ನ ಫೋನನ್ನೂ ಅವಳ ಕೈಗಿಟ್ಟಳು.

ಆ ಬೆಳಿಗ್ಗೆ ಸೇತುವೆಯ ಬಸ್ಸನ್ನು ಗುಡಿಸಿದ್ದು ಬೂಟಕ್ಕನೇ. ಕೈ ಗುಡಿಸುತ್ತಿತ್ತು, ತಲೆ ಮನೆಯಲ್ಲಿತ್ತು. ನಾದಿನಿ ಗಾಬರಿಯಾಗಿ ಬೇಡವೆಂದುಬಿಟ್ಟರೆ? ಅತ್ತೆ ಹಟ ಹಿಡಿದರೆ? ಎಂದಿಗಿಂತ ಧೂಳು ಹೆಚ್ಚಾಗಿತ್ತು, ಮೂಗಿಗೆ ಬಟ್ಟೆ ಕಟ್ಟಿಕೊಂಡಳು, ಧೂಳು ಕೊಡವಿ ಮುಂದಿನ ಬಸ್ಸಿಗೆ ಹೋದಳು. ಯಾವ ಬಣ್ಣದ ಧೂಳು ಎಂದು ನೋಡಲಿಲ್ಲ.

ನಾದಿನಿ ಹೋದಳು. ಬೂಟಿನ ಟಕಟಕ ಕೇಳಿಸದಿರಲೆಂದು ಓಣಿ ತಿರುಗುವವರೆಗೆ ಅದನ್ನು ಚೀಲದಲ್ಲಿಟ್ಟುಕೊಂಡು, ಬರಿಗಾಲಲ್ಲಿ ಹೋದಳು.

ಮಧ್ಯಾಹ್ನ ಕಳೆಯಿತು. ಅತ್ತೆಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಬೂಟಕ್ಕ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಕುಳಿತಳು. ಮೊದಲು ಬಕೆಟ್ಟಿನವು, ಕೊನೆಗೆ ತನ್ನ ನೀಲಿ ಕೋಟು. ಕೋಟನ್ನು ನೀರಿಗೆ ಅದ್ದಿ ಹಿಂಡಿದಾಗ ಕಲ್ಲಿನ ಮೇಲೆ ಹರಿದ ನೀರು ಬೂದು ಬಣ್ಣದ್ದು.

ಅವಳು ಇನ್ನೊಮ್ಮೆ ಹಿಂಡಿದಳು. ಬೂದಿಯೇ. ಹಿಟ್ಟಿನಂತೆ ನುಣ್ಣಗೆ, ಉಗುರ ಸಂದಿಯಲ್ಲಿ ಕೂತರೆ ಚುಚ್ಚುವಂಥದು. ಇದು ಕಲ್ಲಿನ ಪುಡಿ. ಜಲ್ಲಿ ಒಡೆಯುವಲ್ಲಿ ಸಿಗುವ ಪುಡಿ. ಬೆಳಿಗ್ಗೆ ಗುಡಿಸಿದ ಬಸ್ಸುಗಳಲ್ಲಿ ಜಲ್ಲಿ ಕಡೆಗೆ ಹೋಗುವಂಥದು ಒಂದೂ ಇರಲಿಲ್ಲ. ಕೆರೆ, ಮಿಲ್ಲು, ಆಸ್ಪತ್ರೆ, ಸೇತುವೆ. ಇಷ್ಟೊಂದು ಧೂಳು ಎದ್ದದ್ದು ಎಲ್ಲಿ? ಮೂಗಿಗೆ ಬಟ್ಟೆ ಕಟ್ಟಿಕೊಂಡದ್ದು ಎಲ್ಲಿ?

ಸೇತುವೆಯ ಬಸ್ಸಿನಲ್ಲಿ.

ಗೂಡಿನ ಹತ್ತಿರ ಹತ್ತಿದವರ ಕಾಲಿಗೆ ಕೆಂಪಿನ ಬದಲು ಬೂದಿ ಅಂಟಿದೆ ಎಂದರೆ, ಗೂಡಿನ ಹಿಂದಿನ ದಾರಿಗೆ ಯಾರೋ ಲಾರಿಗಟ್ಟಲೆ ಕಲ್ಲುಪುಡಿ ಸುರಿದಿದ್ದಾರೆ. ಕೆಸರಾಗದಿರಲೆಂದು ಸುರಿದಿರಬಹುದು, ಒಳ್ಳೆಯದಕ್ಕೇ. ಆದರೆ ಬೂದು ಬಣ್ಣ ಕಂಡಲ್ಲಿ ಎಡಕ್ಕೆ ಎಂದು ಕಲಿತು ಹೋದವಳಿಗೆ ಮೊದಲ ಹೆಜ್ಜೆಯಲ್ಲೇ ಬೂದು. ಮೊದಲ ಎಡಗವಲು ಹೋಗುವುದು ಕೈಬಿಟ್ಟ ಹಳೇ ಕ್ವಾರಿಗೆ. ಅಲ್ಲಿನ ಹೊಂಡದಲ್ಲಿ ಹಸಿರು ನೀರು, ಸುತ್ತ ಬೇಲಿಯಿಲ್ಲ, ಅಂಚಿನವರೆಗೂ ಹುಲ್ಲು ಬೆಳೆದು ಎಲ್ಲಿ ನೆಲ ಮುಗಿಯಿತೆಂದೇ ತಿಳಿಯುವುದಿಲ್ಲ.

ಬೂಟಕ್ಕ ಕೋಟನ್ನು ಕಲ್ಲಿನ ಮೇಲೇ ಬಿಟ್ಟು ಒಳಗೆ ಬಂದಳು. ಗಂಡನ ಫೋನು ಅವನ ದಿಂಬಿನ ಕೆಳಗೆ. ಬಾಗಿಲ ಕೀಲು ಕಿರುಗುಟ್ಟದ ಹಾಗೆ ಎತ್ತಿ ತಳ್ಳಿ, ಉಸಿರು ಹಿಡಿದು, ದಿಂಬಿನಡಿ ಕೈ ತೂರಿಸಿದಳು. ಅವನು ನಿದ್ದೆಯಲ್ಲೇ "ಯಾರದು?" ಎಂದ. ಗೇಟಿನಲ್ಲಿ ಕೇಳಿ ಕೇಳಿ ಬಾಯಿಗೆ ಹತ್ತಿದ ಮಾತು ಅದು. ಮಗ್ಗುಲು ಬದಲಿಸಿ ಗೊರಕೆ ಮುಂದುವರಿಸಿದ. ಹಿತ್ತಲಿಗೆ ಬಂದು ಅವಳು ತನ್ನದೇ ನಂಬರು ಒತ್ತಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಒತ್ತಿದಳು. ಅದೇ ಹೆಂಗಸಿನ ದನಿ, ಅದೇ ಮಾತು. ಆ ಹೆಂಗಸಿಗೆ ಒಂದಿಷ್ಟೂ ಆತಂಕವಿರಲಿಲ್ಲ.

"ಏನೇ ಅದು, ಕಾಲು ಸುಟ್ಟ ಬೆಕ್ಕಿನ ಥರ ಒಳಗೂ ಹೊರಗೂ?" ಎಂದರು ಅತ್ತೆ. ಮೈ ಸೋತಿದ್ದರೂ ಅವರ ಕಿವಿಯೂ ನಾಲಿಗೆಯೂ ಸೋತಿರಲಿಲ್ಲ.

"ಏನಿಲ್ಲ ಅತ್ತೆ, ಬಟ್ಟೆ ಒಣಗಿಸ್ತಿದ್ದೆ."

"ಅವಳೆಲ್ಲಿ? ಒಂದು ಹಲ್ಲು ತೋರಿಸೋಕೆ ಇಷ್ಟು ಹೊತ್ತಾ? ಬಾಯಲ್ಲಿರೋದನ್ನೆಲ್ಲ ಕೀಳಿಸ್ಕೊಂಡು ಬರ್ತಾಳಂತಾ?"

"ಜನ ಜಾಸ್ತಿ ಇರಬೇಕು."

"ಜನ! ನನಗೆ ಬಟ್ಟೆ ಒದ್ದೆಯಾಗಿದೆ, ಆ ಜನ ಬಂದು ಬದಲಾಯಿಸ್ತಾರಾ?"

ಬದಲಾಯಿಸಿದಳು. ಅವಸರಕ್ಕೆ ಬಟ್ಟೆ ಸುಕ್ಕಾಯಿತು, ಅದಕ್ಕೂ ಒಂದು ಮಾತು ಬಂತು. ಬೂಟಕ್ಕ ಕೇಳಿಸಿಕೊಳ್ಳಲಿಲ್ಲ. ಗಂಡನನ್ನು ಎಬ್ಬಿಸಲೇ? ಎಬ್ಬಿಸಿದರೆ ಎಲ್ಲ ಮುಗಿದಂತೆ. ಬೂಟು ಒಲೆಗೆ ಹೋಗುತ್ತದೆ, ಹೋಗಲಿ. ಆದರೆ ನಾದಿನಿಗೆ ಇನ್ನು ಓಣಿಯ ಅಂಗಡಿಯೂ ಇಲ್ಲ. ಎಬ್ಬಿಸದಿದ್ದರೆ? ಸುಮ್ಮನೆ ಹೆದರುತ್ತಿದ್ದೇನೇನೋ. ಕೆಂಪು ಮಣ್ಣು ಯಾವುದೆಂದು ನಾದಿನಿಗೆ ಗೊತ್ತಾಗಿರಬಹುದು, ಮಧ್ಯಾಹ್ನದ ಬಸ್ಸಿನಲ್ಲಿ ಕೂತಾಗಿರಬಹುದು. ಆ ಬಸ್ಸು ಡಿಪೋಗೆ ಬರುವ ಹೊತ್ತಾಯಿತು. ನೋಡಿಬಿಟ್ಟರೆ ತಿಳಿಯುತ್ತದೆ.

"ಅತ್ತೆ, ಡಿಪೋಗೆ ಒಂದು ಗಳಿಗೆ ಹೋಗಿ ಬರ್ತೀನಿ. ಏನಾದ್ರೂ ಬೇಕಾದ್ರೆ ಈ ತಟ್ಟೆ ಬಡೀರಿ, ನಿಮ್ಮ ಮಗ ಏಳ್ತಾರೆ."

"ಅವನು ಏಳೋದಾ? ಕಾವಲಿಗೆ ಕೂತಾಗ್ಲೇ ಎಚ್ಚರ ಇರಲ್ಲ ಅವನಿಗೆ."

ಫೋನನ್ನು ದಿಂಬಿನಡಿಗೆ ಮರಳಿಸಿ ಓಡಿದಳು.

ಸೇತುವೆಯ ಬಸ್ಸು ಬಂದು ನಿಂತಿತ್ತು, ಜನ ಇಳಿದಾಗಿತ್ತು. ಪ್ಲಾಟ್‌ಫಾರಂ ಮೇಲೆ ನಾದಿನಿ ಇರಲಿಲ್ಲ. ಬೂಟಕ್ಕ ಹಿಂಬಾಗಿಲಿಂದ ಹತ್ತಿದಳು, ದಿನಾ ಹತ್ತುವ ಹಾಗೆಯೇ, ಪೊರಕೆಯೊಂದಿಲ್ಲದೆ. ಬಗ್ಗಿ ನೆಲ ನೋಡುತ್ತಾ ಬಂದಳು. ಚಪ್ಪಲಿಯ ಗುರುತು, ಮಕ್ಕಳ ಕಾಲು, ಊರುಗೋಲಿನ ಚುಕ್ಕೆ. ಒಂದು ಬೂಟಿನ ಅಚ್ಚು ಕಂಡು ಇನ್ನಷ್ಟು ಬಗ್ಗಿದಳು. ಆದರೆ ಎಡ ಹಿಮ್ಮಡಿಯಲ್ಲಿ ಟೈರಿನ ಗೆರೆಗಳಿರಲಿಲ್ಲ. ಬೇರೆ ಯಾರದೋ. ಸೀಟು ಸೀಟಿನಡಿ ನೋಡಿದಳು, ಮುಳ್ಳುಬೀಜ ತಡವಿದಳು.

"ಏನು ಬೂಟಕ್ಕಾ, ಚಿನ್ನ ಕಳಕೊಂಡ್ಯಾ?" ಎಂದ ಡ್ರೈವರ್. ಅವಳಿಗೆ ಹೆಸರಿಟ್ಟವನು ಅವನೇ. ಈಗ ಕೂದಲು ನರೆತಿತ್ತು.

"ನಿನ್ನ ಬಸ್ಸಲ್ಲಿ ನಮ್ಮ ನಾದಿನಿ ಬಂದ್ಲಾ? ನನ್ನ ಬೂಟು ಹಾಕಿದ್ಲು."

"ಬೂಟು ಹಾಕಿದ ಹೆಂಗಸು ಹೋಗೋವಾಗ ಗೂಡಿನ ಹತ್ರ ಇಳಿದಿದ್ದು ನೋಡಿದೀನಿ. ಬರೋವಾಗ ಅವಳು ಹತ್ತಲಿಲ್ಲ."

"ಗೂಡಿನ ಹಿಂದೆ ಕಲ್ಲುಪುಡಿ ಸುರಿದಿದ್ದಾರಾ?"

"ಹೂಂ, ನಿನ್ನೆಯೆಲ್ಲಾ ಲಾರಿ ಓಡಾಡ್ತಿತ್ತು. ನಿನಗ್ಯಾರು ಹೇಳಿದ್ರು?"

ಅವಳು ಕಂಬಿ ಹಿಡಿದು ನಿಂತಳು.

ಅದೇ ಬಸ್ಸು ಈಗ ಕೊನೆಯ ಟ್ರಿಪ್ಪಿಗೆ ಹೊರಡಬೇಕಿತ್ತು. ಹೋದರೆ ಸೇತುವೆಯಲ್ಲೇ ರಾತ್ರಿ ಉಳಿದು, ನಸುಕಿಗೆ ಮರಳುವಂಥದು. ಹತ್ತಿದವಳಿಗೆ ಇಂದು ವಾಪಸು ಬರುವ ದಾರಿಯಿಲ್ಲ. ಗಂಡ ಇನ್ನೇನು ಏಳುತ್ತಾನೆ. ಅತ್ತೆಗೆ ಸಂಜೆಯ ಮಾತ್ರೆ, ಒಲೆಯ ಮೇಲೆ ಏನೂ ಇಲ್ಲ, ಕಲ್ಲಿನ ಮೇಲೆ ಒದ್ದೆ ಕೋಟು. ಡಿಪೋದವರಿಂದ ಮನೆಗೆ ಹೇಳಿಸಬಹುದಿತ್ತು: ಬೂಟಕ್ಕನಿಗೆ ಹೆಚ್ಚಿನ ಪಾಳಿ ಬಿದ್ದಿದೆ, ನಾದಿನಿಯೂ ಜೊತೆಗಿದ್ದಾಳೆ. ಗಂಡ ಗೊಣಗಿ ನಂಬಿಯಾನು. ಆ ಸುಳ್ಳು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಹೇಳಲು ಹೊರಟಷ್ಟರಲ್ಲಿ ಬಸ್ಸು ಅಲುಗಿತು, ಅವಳು ಇಳಿಯಲಿಲ್ಲ.

ದಾರಿಯುದ್ದಕ್ಕೂ ಡ್ರೈವರಿನ ಹಿಂದಿನ ಸೀಟಿನ ತುದಿಯಲ್ಲಿ ಕೂತಿದ್ದಳು. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಒಬ್ಬ ಮುದುಕ ಚಿಲ್ಲರೆಗಾಗಿ ಎಲ್ಲ ಜೇಬನ್ನೂ ತಡಕಿದ. ಒಬ್ಬಾಕೆ ಮೂಟೆ ಹತ್ತಿಸಿ ಮಗುವನ್ನು ಮರೆತು, ಮತ್ತೆ ಇಳಿದು ಮಗುವನ್ನು ಹತ್ತಿಸಿದಳು. ಎಲ್ಲರೂ ನಕ್ಕರು. ಬೂಟಕ್ಕನಿಗೆ ಅಳು ಬಂತು. "ಮಣ್ಣು ನೋಡಿ ನಡಿ" ಎಂದು ಹೇಳಿಕೊಟ್ಟವಳು ತಾನು. ಕಣ್ಣೆದುರು ಮಣ್ಣು ಬದಲಾದಾಗ ನೋಡದವಳೂ ತಾನೇ.

ಗೂಡಿನ ಹತ್ತಿರ ಇಳಿದಾಗ ಬಿಸಿಲು ಇನ್ನೂ ಇತ್ತು, ಆದರೆ ಹಳದಿಗೆ ತಿರುಗಿತ್ತು. ಡ್ರೈವರ್ ಎಂಜಿನ್ ನಿಲ್ಲಿಸಿ ಇಳಿದು ಅವಳ ಜೊತೆ ಬಂದ. ಗೂಡಿನ ಹಿಂದೆ ದಾರಿ ಉದ್ದಕ್ಕೂ ಬೂದು, ಬೂದಿ ಚೆಲ್ಲಿದ ಒಲೆಯ ಬಾಯಿಯ ಹಾಗೆ. ಹೊಸ ಪುಡಿಯ ಮೇಲೆ ಅಚ್ಚು ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾಗಿತ್ತು. ದೊಡ್ಡ ಬೂಟು, ಎಡ ಹಿಮ್ಮಡಿಯಲ್ಲಿ ಟೈರಿನ ಓರೆ ಗೆರೆಗಳು. ನಾಲ್ಕಾರು ಹೆಜ್ಜೆ ನೇರ ಹೋಗಿ, ಒಂದು ಕಡೆ ನಿಂತು ಯೋಚಿಸಿದ ಗುರುತು. ಆಮೇಲೆ ಎಡಕ್ಕೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು.

"ಇದು ಕ್ವಾರಿ ದಾರಿ" ಎಂದ ಡ್ರೈವರ್. ಅವನ ದನಿಯಲ್ಲಿದ್ದ ತಮಾಷೆ ಹೋಗಿತ್ತು.

"ಗೊತ್ತು."

"ಪ್ಯಾಸೆಂಜರ್ ಇದ್ದಾರೆ, ನಾನು ನಿಲ್ಲೋ ಹಾಗಿಲ್ಲ. ಸೇತುವೇಲಿ ನೋಡ್ತೀನಿ, ಅಲ್ಲಿಗೆ ಬಂದಿದ್ರೆ ಟೀ ಅಂಗಡಿ ಅಮ್ಮನ ಹತ್ರ ಕೂರಿಸ್ತೀನಿ." ಅವನು ಫೋನು ತೆಗೆದು ನೋಡಿದ. "ಇಲ್ಲಿ ಸಿಗ್ನಲ್ ಒಂದು ಕಡ್ಡಿ ಸಿಗುತ್ತೆ. ಆ ತಿರುವು ದಾಟಿದ್ರೆ ಅದೂ ಇಲ್ಲ. ಮನೆಗೆ ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡು. ಡಿಪೋದಲ್ಲಿ ಕೆಲಸ ಇದೆ ಅಂತ ಹೇಳ್ಲಾ?"

ಬಸ್ಸಿನಿಂದ ಯಾರೋ "ಹೊರಡೋಣ್ವಾ ಇಲ್ಲಾ ಇಲ್ಲೇ ಮನೆ ಕಟ್ಟೋಣ್ವಾ?" ಎಂದು ಕೂಗಿದರು.

ಬೂಟಕ್ಕ ಅಚ್ಚಿನತ್ತ ನೋಡಿದಳು. ಒಳಗೆ ಹೋದ ಹೆಜ್ಜೆಗಳು ಮಾತ್ರ ಕಾಣುತ್ತಿದ್ದವು. ಸುಳ್ಳು ಹೇಳಿ ಒಬ್ಬಳೇ ಹುಡುಕಲು ಹೋದರೆ, ತನಗೂ ಏನಾದರೂ ಆದರೆ, ಇಬ್ಬರಿಗಾಗಿಯೂ ಇಲ್ಲಿಗೆ ಬರಬೇಕೆಂದು ಯಾರಿಗೂ ತಿಳಿಯದು. ಡಿಪೋದಲ್ಲಿ ಕೆಲಸ ಎಂದುಕೊಂಡು ಎಲ್ಲರೂ ಬೆಳಗಿನವರೆಗೆ ಹಾಯಾಗಿ ಇರುತ್ತಾರೆ.

"ಬೇಡ" ಎಂದಳು. ಗಂಡನ ನಂಬರು ಹೇಳಿದಳು. "ನಿಮ್ಮ ತಂಗಿ ಗುಡ್ಡಕ್ಕೆ ಹೋಗಿದ್ದಾಳೆ, ನಿಮ್ಮ ಹೆಂಡ್ತೀನೇ ಕಳಿಸಿದ್ದು ಅಂತ ಹೇಳು. ದಾರಿ ತಪ್ಪಿರಬಹುದು, ಹೆಂಡ್ತಿ ಹುಡುಕೋಕೆ ಹೋಗಿದ್ದಾಳೆ ಅಂತ ಹೇಳು. ಕತ್ತಲಾಗೋದ್ರೊಳಗೆ ಜನ ಕರ್ಕೊಂಡು ಸೇತುವೆಗೆ ಬರಲಿ, ನಾವು ಅಲ್ಲಿ ಕಾಣದಿದ್ರೆ ಕ್ವಾರಿಗೆ ಬರಲಿ."

"ಇಷ್ಟೇನಾ?"

"ಅತ್ತೆಯ ಒಣ ಬಟ್ಟೆ ಮಂಚದ ಕೆಳಗಿನ ಪೆಟ್ಟಿಗೇಲಿದೆ. ಅವರನ್ನ ಎಡಗಡೆಗೆ ಹೊರಳಿಸಿ ಒದ್ದೆ ಬಟ್ಟೆ ತೆಗೀಬೇಕು, ಎಳೀಬಾರದು. ಅದನ್ನೂ ಹೇಳು."

ಡ್ರೈವರ್ ಅವಳ ಮುಖ ನೋಡಿದ. ಫೋನು ಕಿವಿಗಿಟ್ಟುಕೊಂಡು ಬಸ್ಸಿನತ್ತ ನಡೆದ. "ಹಲೋ" ಎಂದದ್ದು ಕೇಳಿಸಿತು. ಆಮೇಲಿನದು ಎಂಜಿನ್ನಿನ ಸದ್ದಿನಲ್ಲಿ ಮುಚ್ಚಿಹೋಯಿತು.

ಕ್ವಾರಿಯ ದಾರಿಯಲ್ಲಿ ಅವಳು ನಾದಿನಿಯನ್ನು ಕೂಗುತ್ತಾ ಹೋದಳು. ಕಲ್ಲಿನ ಗೋಡೆ ಕೂಗನ್ನು ಹಾಗೇ ಹಿಂದಕ್ಕೆ ಕೊಟ್ಟಿತು. ಬೂದು ಪುಡಿ ತೆಳುವಾಗಿ, ಅಚ್ಚು ಅಲ್ಲೊಂದು ಇಲ್ಲೊಂದು ಉಳಿಯಿತು. ಮೊದಲು ಎತ್ತರದ ಹುಲ್ಲು, ಹುಲ್ಲಿನಾಚೆ ಹಸಿರು ನೀರಿನ ಹೊಳಪು. ಹುಲ್ಲು ಒಂದು ಕಡೆ ತುಳಿದು ಮಲಗಿತ್ತು, ನೀರಿನ ಕಡೆಗೇ. ಬೂಟಕ್ಕ ಕೈ ಊರಿ, ಮಗುವಿನ ಹಾಗೆ ಅಂಬೆಗಾಲಿಕ್ಕಿ, ನೆಲ ಮುಟ್ಟಿ ಮುಟ್ಟಿ ನೋಡುತ್ತಾ ಅಂಚಿನವರೆಗೆ ಹೋದಳು. ನೀರು ಅಲುಗುತ್ತಿರಲಿಲ್ಲ. ಅಂಚಿನ ಹಸಿ ಮಣ್ಣಿನಲ್ಲಿ ಎರಡು ಬೂಟುಗಳ ಗುರುತು ಪಕ್ಕಪಕ್ಕದಲ್ಲಿ ಆಳವಾಗಿ ಮೂಡಿತ್ತು, ಯಾರೋ ಬಹಳ ಹೊತ್ತು ನಿಂತು ನೀರು ನೋಡಿದ ಹಾಗೆ. ಅಲ್ಲಿಂದ ಮುಂದೆ ಏನೂ ಇರಲಿಲ್ಲ.

ಪಕ್ಕಕ್ಕೆ ತಿರುಗಿ ನೋಡಿದಳು. ಬಲಗಡೆಗೆ, ಹುಲ್ಲಿನ ನಡುವಿನ ಬರಿನೆಲದಲ್ಲಿ ಟೈರಿನ ಓರೆ ಗೆರೆ. ಮತ್ತೊಂದು. ಮತ್ತೊಂದು. ಹೊಂಡವನ್ನು ಬಳಸಿ, ಕ್ವಾರಿಯ ಬೆನ್ನಿಗೆ ಹತ್ತಿ, ಕೆಂಪು ಮಣ್ಣಿಗೆ ಸೇರಿ, ಅಚ್ಚು ಗುಡ್ಡದ ನೆತ್ತಿಯ ಕಡೆಗೆ ಹೋಗಿತ್ತು. ದಾಪುಗಾಲು, ಓಡಿದ್ದಲ್ಲ. ತಪ್ಪು ದಾರಿ ಎಂದು ತಾನೇ ತಿಳಿದುಕೊಂಡು, ತಾನೇ ಬೇರೆ ದಾರಿ ಹಿಡಿದಿದ್ದಾಳೆ. ಬಸ್ಸು ತಪ್ಪಿದೆ, ಅಷ್ಟೇ.

ಬೂಟಕ್ಕ ಅಲ್ಲೇ ಕುಸಿದು ಕೂತಳು. ನಕ್ಕಳೋ ಬಿಕ್ಕಿದಳೋ ಅವಳಿಗೇ ತಿಳಿಯಲಿಲ್ಲ. ಹೇಳಿದ್ದು ಹೇಳಿಯಾಗಿತ್ತು, ಇನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಈ ಹೊತ್ತಿಗೆ ಗಂಡ ಎದ್ದು ಕೂತಿದ್ದಾನೆ. ಒಂದೋ ತಟ್ಟೆಯ ಸದ್ದು ಕೇಳುತ್ತಿದ್ದಾನೆ, ಇಲ್ಲವೇ ಪೆಟ್ಟಿಗೆ ಎಳೆಯುತ್ತಿದ್ದಾನೆ.

ಕೆಳಗೆ ಟಾರು ರಸ್ತೆ ಕಾಣುತ್ತಿತ್ತು. ಅಲ್ಲಿಗಿಳಿದು ನಿಂತರೆ, ಊರಿನ ಕಡೆಗೆ ಹೋಗುವ ಯಾವುದಾದರೂ ಲಾರಿಗೆ ಕೈ ಅಡ್ಡ ಹಾಕಬಹುದು. ಅವನು ಜನ ಸೇರಿಸುವ ಮೊದಲು ಮನೆ ಮುಟ್ಟಿ, ಏನೂ ಆಗಿಲ್ಲ ಎಂದು ಹೇಳಿ, ಒಲೆ ಹಚ್ಚಬಹುದು. ಮೇಲೆ ಗುಡ್ಡದ ನೆತ್ತಿಯಲ್ಲಿ ಬೆಳಕು ಇನ್ನೂ ಉಳಿದಿತ್ತು. ಅದರಾಚೆ ಎಲ್ಲೋ ಎಷ್ಟೋ ವರ್ಷಕ್ಕೆ ಮೊದಲ ಸಲ ಮನೆಯಿಂದ ಹೊರಬಿದ್ದ ಹೆಂಗಸೊಬ್ಬಳು, ಅಳತೆಗೆ ಮೀರಿದ ಬೂಟು ಹಾಕಿಕೊಂಡು ಒಬ್ಬಳೇ ಇಳಿಯುತ್ತಿದ್ದಳು.

ಅವಳು ಎದ್ದು, ಅಂಬೆಗಾಲಿಕ್ಕುವಾಗ ಕಿತ್ತುಹೋಗಿದ್ದ ಚಪ್ಪಲಿಯ ಬಾರನ್ನು ಕೂದಲಿನ ರಿಬ್ಬನ್ನಿನಿಂದ ಬಿಗಿದು ಕಟ್ಟಿದಳು. ಟಾರು ರಸ್ತೆಗೆ ಬೆನ್ನು ಮಾಡಿ, ಟೈರಿನ ಗೆರೆ ಇದ್ದಲ್ಲೆಲ್ಲ ಕಾಲಿಡುತ್ತಾ ಮೇಲಕ್ಕೆ ಹತ್ತಿದಳು.